ಮಿರ್ಜಾನ್ ಕೋಟೆಗೆ ಹೊರಟವರು ತದಡಿಯನ್ನೂ ಸೇರಿಸಿಕೊಳ್ಳಿ

ಮಿರ್ಜಾನ್ ಕೋಟೆ ಹತ್ತಿದವರು ಮೊದಲು ಕೇಳುವುದು, ಸಮುದ್ರ ಎಲ್ಲಿ ಎಂದು. ಅಲೆ ಬಡಿಯುವ ಕೋಟೆಯಲ್ಲ ಇದು. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ ಇನ್ನೂ ಪಶ್ಚಿಮಕ್ಕೆ, ತದಡಿಯಲ್ಲಿದೆ. ಘಟ್ಟದ ಕಾಳುಮೆಣಸು, ಅಡಿಕೆ ಇಳಿದು ಬಂದು ಸೂರತ್ತಿನ ಕಡೆಗೆ ಹೊರಡುತ್ತಿದ್ದ ಬಂದರು ಮಿರ್ಜಾನ್. ಕೋಟೆಗೆ ಕೆಲಸ ಕೊಟ್ಟದ್ದೇ ಈ ಹೊಳೆ. ಕೋಟೆಯನ್ನು ಬೆಳಿಗ್ಗೆ, ಅಳಿವೆಯನ್ನು ಸಂಜೆ ನೋಡಿ. ಆಗ ಲೆಕ್ಕ ಕೂಡುತ್ತದೆ.

ಕೋಟೆ ಉತ್ತರ ಕನ್ನಡದ ಕುಮಟಾದಿಂದ ಸುಮಾರು 11 ಕಿ.ಮೀ., ಹೆದ್ದಾರಿ 66ರಿಂದ ಅರ್ಧ ಕಿ.ಮೀ. ಒಳಗೆ. ಬಸ್ಸಿನವರು ಮಿರ್ಜಾನಿನಲ್ಲಿ ಇಳಿದು ನಡೆದರಾಯಿತು. ಎಕ್ಸ್‌ಪ್ರೆಸ್ ಆದರೆ ನಿಲ್ಲುತ್ತದೆಯೇ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿ. ಶಿರಸಿಯಿಂದ ಬರುವವರು ಕುಮಟಾ ಪೇಟೆ ಸುತ್ತಬೇಕಿಲ್ಲ. ದೇವಿಮನೆ ಘಟ್ಟ ಇಳಿದು, ದೀವಗಿಯಲ್ಲಿ ಬಲಕ್ಕೆ ತಿರುಗಿ ಸೇತುವೆ ದಾಟಿ. ಕಾರವಾರ ಕಡೆಯವರು ಜೋರು ಮಳೆಯಲ್ಲಿ ಹೊರಡುವ ಮುಂಚೆ ರಸ್ತೆಯ ಸುದ್ದಿ ವಿಚಾರಿಸಿ; 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ.

ಕೋಟೆಯೆಲ್ಲ ಚಿರೆಕಲ್ಲಿನದು. ಈ ಕಲ್ಲು ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ, ಬೇಸಿಗೆಯಲ್ಲಿ ಕಾದು ಕೆಂಡವಾಗುತ್ತದೆ. ಹಸಿರು ಹೊದ್ದ ಗೋಡೆಯ ಫೋಟೋ ಬೇಕೆಂದರೆ ಮಳೆ ಬಿಡುವು ಕೊಡುವ ಸೆಪ್ಟೆಂಬರ್ ಕೊನೆಯೇ ಸರಿ, ಆದರೆ ಹವಾಯಿ ಚಪ್ಪಲಿ ಬೇಡ. ಮಾರ್ಚ್ ನಂತರವಾದರೆ ಒಂಬತ್ತರೊಳಗೆ ಒಳಗಿರಿ. ಒಳಗೆ ನೆರಳು ಕಡಿಮೆ. ತಲೆಗೊಂದು ಲೀಟರ್ ನೀರು ಹೆದ್ದಾರಿಯಲ್ಲೇ ತೆಗೆದುಕೊಳ್ಳಿ.

ಒಂದೂವರೆ ತಾಸು ಸಾಕು. ಜೋಡಿ ಗೋಡೆ, ದುಂಡು ಬುರುಜುಗಳನ್ನು ಎಲ್ಲರೂ ನೋಡುತ್ತಾರೆ. ಬಾವಿಗಳನ್ನು ಬಿಟ್ಟು ಬರುತ್ತಾರೆ. ಒಂದಕ್ಕೊಂದು ಕೂಡಿಕೊಂಡ ಬಾವಿಗಳಿಂದ ಕಂದಕದವರೆಗೆ ದಾರಿ ತೆಗೆದದ್ದೇ ಇಲ್ಲಿನ ಜಾಣತನ. ಮೆಟ್ಟಿಲು ಕಂಡಿತೆಂದು ಕತ್ತಲಿಗೆ ಇಳಿಯಬೇಡಿ, ಮೇಲಿಂದಲೇ ಬಗ್ಗಿ ನೋಡಿ. ಗೋಡೆಯಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. 2000-01ರ ಉತ್ಖನನದಲ್ಲಿ ಫಿರಂಗಿ ಗುಂಡು, ಚೀನಾ ಪಿಂಗಾಣಿಯ ಚೂರು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕವು. ಈ ಹೊಳೆಯ ವ್ಯಾಪಾರ ಎಷ್ಟು ದೂರ ಮುಟ್ಟಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ಊಟ ಮುಗಿಸಿ ಉತ್ತರಕ್ಕೆ ಹೊರಟು, ಮಾದನಗೇರಿಯಲ್ಲಿ ಎಡಕ್ಕೆ ಗೋಕರ್ಣದ ರಸ್ತೆ ಹಿಡಿಯಿರಿ. ದಾರಿಯಲ್ಲೇ ಸಾಣಿಕಟ್ಟೆಯ ಉಪ್ಪಿನಾಗರ. ಉಪ್ಪು ರಾಶಿ ಬೀಳುವುದು ಬೇಸಿಗೆಯಲ್ಲಿ ಮಾತ್ರ. ತದಡಿಗೆ ನೀರು ಇಳಿದ ಹೊತ್ತಿಗೆ ಹೋದರೆ ಸೊಂಟದ ನೀರಿನಲ್ಲಿ ನಿಂತು ಬೆಳಚು (ಚಿಪ್ಪಿನ ಮೀನು) ತೆಗೆಯುವವರು ಕಾಣುತ್ತಾರೆ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ, ಸಿಕ್ಕಿತು, ಅದರ ಮೊದಲೂ ಹೊಟ್ಟೆ ತುಂಬಿಸುತ್ತಿದ್ದದ್ದು ಇದೇ ಕೆಸರು.

ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಉಂಟು, ಬೈಕನ್ನೂ ಹತ್ತಿಸುತ್ತಾರೆ. ಕಾರಿನವರು ಈ ದಾರಿಯನ್ನು ನೆಚ್ಚಬೇಡಿ. ದಾಟುವ ಮೊದಲು ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನೇ ಕೇಳಿ. ತಪ್ಪಿದರೆ ಕುಮಟಾ ಸುತ್ತಿ ಹೆದ್ದಾರಿಯಲ್ಲೇ ವಾಪಸ್ ಬರಬೇಕಾಗುತ್ತದೆ.