ಸ್ವಭಾವಕ್ಕೆ ನಾಲ್ಕೇ ಖಾನೆ ಸಾಕಾ?

ಧಾರವಾಡದ ಸಪ್ತಾಪುರದಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರಿಗೆ ನಾನು ಮನೋವಿಜ್ಞಾನ ಹೇಳಿಕೊಡುತ್ತೇನೆ. ವ್ಯಕ್ತಿತ್ವದ ಪಾಠಕ್ಕೆ ಹುಡುಗರು ಒಂದು ಕೋಷ್ಟಕ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ರಕ್ತ ಜಾಸ್ತಿಯಿದ್ದರೆ ಲವಲವಿಕೆ, ಹಳದಿ ಪಿತ್ತಕ್ಕೆ ಸಿಟ್ಟು, ಕಪ್ಪು ಪಿತ್ತಕ್ಕೆ ದುಗುಡ, ಕಫಕ್ಕೆ ನಿಧಾನ. ಮುಂದೆ ಹಿಪಾಕ್ರಟಿಸ್ ಅಂತ ಹೆಸರು. ಒಂದು ಅಂಕ ಬಂತು, ಮುಗಿಯಿತು.

ಅಷ್ಟಕ್ಕೇ ಮುಗಿಯಬಾರದು ಅಂತ ನನ್ನ ಹಟ.

ಹಿಪಾಕ್ರಟಿಸ್ ಕಾಲದ ಗ್ರೀಕ್ ವೈದ್ಯರ ಚಿಂತೆಯೆಲ್ಲ ರೋಗದ್ದು. ರಕ್ತ, ಎರಡು ಪಿತ್ತ, ಕಫ ಅನ್ನೋ ಮೈಯ ನಾಲ್ಕು ರಸ ಹದವಾಗಿದ್ದರೆ ಆರೋಗ್ಯ, ಹದ ತಪ್ಪಿದರೆ ಕಾಯಿಲೆ. ಅದನ್ನು ಸ್ವಭಾವಕ್ಕೆ ಗಂಟು ಹಾಕಿದವರಲ್ಲಿ ದೊಡ್ಡ ಹೆಸರು ಗೇಲನ್. ಕ್ರಿ.ಶ. 2ನೇ ಶತಮಾನದವನು. ಈಗಿನ ಟರ್ಕಿಯಲ್ಲಿರುವ ಪೆರ್ಗಮಮ್‌ನಲ್ಲಿ ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರ್‌ಗಳ ಗಾಯಕ್ಕೆ ಮದ್ದು ಮಾಡುತ್ತಿದ್ದ. ಅವನ ಲೆಕ್ಕದಲ್ಲಿ ಒಂಬತ್ತು ಬಗೆಯಿತ್ತು. ಬಿಸಿ, ತಂಪು, ಒಣ, ಹಸಿ ಇವುಗಳ ಏರುಪೇರಿನಿಂದ ಎಂಟು, ಸಮ ಹದದ್ದು ಒಂದು. ನಾಲ್ಕೇ ಸ್ವಭಾವದ ಅಚ್ಚುಕಟ್ಟಾದ ಪಟ್ಟಿ ಆಮೇಲಿನದು.

ನವಲಗುಂದ ಕಡೆಯ ಹುಡುಗಿಯೊಬ್ಬಳು ಎದ್ದು, "ಮೇಡಂ, ನಮ್ಮಜ್ಜಿನೂ ಹಿಂಗ ಅಂತಾಳ್ರಿ. ಅಣ್ಣಂದು ಪಿತ್ತದ ಮೈ, ಅದಕ್ಕ ಸಿಟ್ಟು ಅಂತ" ಅಂದಳು. ಆಯುರ್ವೇದದ ವಾತ, ಪಿತ್ತ, ಕಫದ ಲೆಕ್ಕ ಬೇರೆ. ಆದರೆ ಮೈಯ ಹದವೇ ಮನಸ್ಸನ್ನೂ ಆಳುತ್ತದೆ ಅನ್ನೋ ನಂಬಿಕೆ ಎರಡೂ ಕಡೆ ಇತ್ತು, ಅಲ್ವಾ?

ರಸಗಳ ಕಥೆ ವಿಜ್ಞಾನದ ಮುಂದೆ ನಿಲ್ಲಲಿಲ್ಲ. ಕಪ್ಪು ಪಿತ್ತ ಅನ್ನೋದು ದೇಹದಲ್ಲೇ ಇಲ್ಲ. ಆದರೂ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ಜರ್ಮನಿಯ ವುಂಟ್, ಆ ಹಳೆಯ ನಾಲ್ಕು ಹೆಸರನ್ನೇ ಇಟ್ಟುಕೊಂಡು ಎರಡು ಹೊಸ ಪ್ರಶ್ನೆ ಕೇಳಿದ. ಭಾವನೆ ಎಷ್ಟು ಜೋರು? ಎಷ್ಟು ಬೇಗ ಬದಲಾಗುತ್ತದೆ? ಸಿಟ್ಟಿನವರಲ್ಲಿ ಜೋರೂ ಹೌದು, ಬೇಗವೂ ಹೌದು. ದುಗುಡದವರಲ್ಲಿ ಜೋರು, ಆದರೆ ಬೇಗ ಬದಲಾಗದು. ಲವಲವಿಕೆಯವರಲ್ಲಿ ಬೇಗ, ಆದರೆ ಅಷ್ಟು ಜೋರಿಲ್ಲ. ನಿಧಾನದವರಲ್ಲಿ ಎರಡೂ ಕಡಿಮೆ. ಇದು ನನಗೆ ತುಂಬಾ ಇಷ್ಟ. ಜೋರು, ಬೇಗ ಅನ್ನೋದು ಹೆಚ್ಚು ಕಡಿಮೆಯಾಗುವ ಸಂಗತಿ. ಮಗು ಅದರಲ್ಲಿ ಎಲ್ಲಾದರೂ ನಿಲ್ಲಬಹುದು.

ಕೋಷ್ಟಕದ ಕೆಳಗಿನ ಸಾಲಿನಲ್ಲಿ ಅಮೆರಿಕದ ಮನೋವಿಜ್ಞಾನಿ ಶೆಲ್ಡನ್ ಬರುತ್ತಾನೆ. 1940ರ ದಶಕದವನು. ದುಂಡು ಮೈಯವರು ಆರಾಮಪ್ರಿಯರು, ಗಟ್ಟಿ ಮೈಯವರು ಹುರುಪಿನವರು, ಸಣಕಲು ಮೈಯವರು ಸಂಕೋಚದವರು ಅಂದ. ಇಲ್ಲಿ ನಾನು ಸುಮ್ನೆ ಮುಂದೆ ಹೋಗುವುದಿಲ್ಲ. ಮೈಕಟ್ಟನ್ನು ನೋಡಿದವನೇ ಸ್ವಭಾವಕ್ಕೂ ಅಂಕ ಹಾಕಿದ್ದ. ಕಣ್ಣಿಗೆ ಕಂಡ ಮೈ ಆ ಅಂಕವನ್ನು ತನ್ನ ಕಡೆ ಎಳೆಯದೇ ಇರುತ್ತದಾ? ದುಂಡಗಿನ ಹುಡುಗನನ್ನು ಹಿಂದಿನ ಬೆಂಚಿಗೆ ಕಳಿಸಿ ಸೋಮಾರಿ ಅನ್ನುವ ಮಾಸ್ತರರು ಮಾಡುವುದೂ ಇದನ್ನೇ. ಅಂಥ ಹುಡುಗ ನಿಮ್ಮ ಶಾಲೆಯಲ್ಲಿ ಇದ್ದನಾ ಅಂತ ಕೇಳಿದರೆ, ಕ್ಲಾಸಿನಲ್ಲಿ ಎಲ್ಲರ ಕೈಯೂ ಏಳುತ್ತದೆ.