ಲಗ್ನಪತ್ರಿಕೆಯ ಕಾರ್ಡುಗಳು ಮತ್ತು ನಮ್ಮ ಮನಃಶಾಸ್ತ್ರದ ಮೇಡಂ

ನಮ್ಮ ಕಾಲೇಜಿನ ಕಲಾ ವಿಭಾಗದಲ್ಲಿ ಮನಃಶಾಸ್ತ್ರ ತೆಗೆದುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಇತಿಹಾಸಕ್ಕೆ, ಅರ್ಥಶಾಸ್ತ್ರಕ್ಕೆ ಬೇಕಾದಷ್ಟು ಗೈಡುಗಳಿದ್ದವು, ಸೀನಿಯರ್‌ಗಳ ನೋಟ್ಸ್ ಕೈಯಿಂದ ಕೈಗೆ ಬರುತ್ತಿತ್ತು. ಮನಃಶಾಸ್ತ್ರಕ್ಕೆ ಕನ್ನಡದಲ್ಲಿ ನಮಗೆ ಸಿಗುತ್ತಿದ್ದದ್ದು ತೀರಾ ಕಡಿಮೆ. ಜೊತೆಗೆ ಪ್ರಾಕ್ಟಿಕಲ್, ರೆಕಾರ್ಡು, ವೈವಾ. ಎಸ್ಸೆಸ್ಸೆಲ್ಸಿವರೆಗೆ ಬಾಯಿಪಾಠದಿಂದಲೇ ಪಾಸಾಗಿ ಬಂದ ಕನ್ನಡ ಮಾಧ್ಯಮದ ನಮಗೆ ಏನು ಹಿಡಿಯಬೇಕು, ಎಲ್ಲಿಂದ ಶುರು ಮಾಡಬೇಕು ತಿಳಿಯದು. ಮೇಡಂ ಇಲ್ಲದಿದ್ದರೆ ಮೊದಲ ಕಿರುಪರೀಕ್ಷೆಯ ಹೊತ್ತಿಗೇ ಅರ್ಧ ಜನ ವಿಷಯ ಬದಲಿಸಿಕೊಳ್ಳುತ್ತಿದ್ದರು.

ಅವರು ಪಾಠವನ್ನೂ ಪಾಠ ಓದುವ ಬಗೆಯನ್ನೂ ಬೇರೆ ಮಾಡಲೇ ಇಲ್ಲ. ಸ್ಮೃತಿಯ ಅಧ್ಯಾಯ ನಡೆಯುತ್ತಿದ್ದರೆ ಅದನ್ನು ಓದುವುದೂ ಅದರಲ್ಲಿ ಹೇಳಿದ ರೀತಿಯಲ್ಲೇ ಆಗಬೇಕು. “ನೆನಪು ಹೇಗೆ ಉಳಿಯುತ್ತೆ ಅಂತ ಓದಿಬಿಟ್ಟು, ಆಮೇಲೆ ರಾತ್ರಿಯೆಲ್ಲಾ ಕೂತು ಉರು ಹೊಡೆದರೆ ಪಾಠ ಓದಿದ ಹಾಗಾಯ್ತೇನ್ರೋ?” ಎಂದು ಕೇಳುತ್ತಿದ್ದರು.

ಎಬ್ಬಿಂಗ್‌ಹೌಸ್ ಅವರ ಪಾಠ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಜರ್ಮನಿಯ ಈ ವಿಜ್ಞಾನಿ ಅರ್ಥವಿಲ್ಲದ ಸುಮಾರು 2,300 ಪದಾಂಶಗಳನ್ನು ಮಾಡಿಕೊಂಡು, ತಮ್ಮ ಮೇಲೆ ತಾವೇ ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಷ್ಟನ್ನು ಹೇಳಿ ಮೇಡಂ ಸುಮ್ಮನಾಗಲಿಲ್ಲ. ಪ್ರಾಕ್ಟಿಕಲ್‌ಗೆ ಬೇಕಾದ ಪದಾಂಶಗಳನ್ನು ನಾವೇ ಕನ್ನಡದಲ್ಲಿ ಮಾಡಬೇಕು ಎಂದರು. ಸುಲಭ ಅಂದುಕೊಂಡೆವು. ‘ಡುಬ್’ ಎಂದರೆ ಹಿಂದಿನ ಬೆಂಚಿನಿಂದ ‘ಡುಬ್ಬ’ ಎಂದರು. ‘ಗಿಣ್’ ಎಂದರೆ ಗಿಣ್ಣು ನೆನಪಾಯಿತು. ‘ಮಟ್’ ಎಂದರೆ ಮಟ್ಟ. ಏನು ಹೇಳಿದರೂ ಯಾರಿಗೋ ಏನೋ ಹೊಳೆಯುತ್ತಿತ್ತು. ಕೊನೆಗೆ ‘ಝೌಪ್’, ‘ಖೀಡ್’ ಎನ್ನುವಂಥವು ಉಳಿದವು. ಅರ್ಥ ಹುಡುಕದೆ ಮನಸ್ಸು ಬಿಡುವುದಿಲ್ಲ, ಅರ್ಥ ಅಂಟಿಕೊಂಡ ಕೂಡಲೇ ನೆನಪು ಸುಲಭವಾಗುತ್ತದೆ, ಅದಕ್ಕೇ ಎಬ್ಬಿಂಗ್‌ಹೌಸ್ ಅವರಿಗೆ ಅರ್ಥವಿಲ್ಲದ ಸಾಮಗ್ರಿ ಬೇಕಾಯಿತು ಎಂಬುದು ಆ ಒಂದು ಪೀರಿಯಡ್ಡಿನಲ್ಲಿ ಎಲ್ಲರಿಗೂ ಮನದಟ್ಟಾಯಿತು.

ಅದಾದ ಮೇಲೆ ಡ್ರಾಯಿಂಗ್ ಶೀಟಿನ ಮೇಲೆ, ಕಲಿತದ್ದು ಕಾಲ ಕಳೆದಂತೆ ಹೇಗೆ ಮರೆಯುತ್ತದೆ ಎಂದು ತೋರಿಸುವ ಎಬ್ಬಿಂಗ್‌ಹೌಸ್ ಅವರ ವಿಸ್ಮೃತಿಯ ರೇಖೆ ಬರೆಸಿದರು. 20 ನಿಮಿಷಕ್ಕೆ ಶೇ. 58, ಒಂದು ಗಂಟೆಗೆ ಶೇ. 44, ಒಂದು ದಿನಕ್ಕೆ ಸುಮಾರು ಶೇ. 34, ಮೂವತ್ತೊಂದು ದಿನಕ್ಕೆ ಶೇ. 21. ಇಲ್ಲಿ ಅವರು ಒಂದು ಮಾತನ್ನು ಒತ್ತಿ ಹೇಳುತ್ತಿದ್ದರು: ಇದು ‘ಇಷ್ಟು ನೆನಪಿದೆ’ ಎನ್ನುವ ಲೆಕ್ಕ ಅಲ್ಲ, ಅದನ್ನೇ ಮತ್ತೊಮ್ಮೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎನ್ನುವ ಲೆಕ್ಕ. ಈಗಲೂ ಎಷ್ಟೋ ಕಡೆ ಇದನ್ನು ತಪ್ಪಾಗಿ ಬರೆದಿರುತ್ತಾರೆ, ನೋಡಿದಾಗ ಬೇಸರವಾಗುತ್ತದೆ. ರೇಖೆ ಮೊದಲ ದಿನವೇ ದಬಕ್ಕನೆ ಇಳಿಯುತ್ತದೆ, ಆಮೇಲೆ ನಿಧಾನ. ಹಾಗಾಗಿ ಮೊದಲ ಪುನರಾವರ್ತನೆ ಅದೇ ದಿನ ಸಂಜೆ ಅಥವಾ ಮಾರನೆಯ ದಿನ ಆಗಬೇಕು, ಪರೀಕ್ಷೆಯ ಹಿಂದಿನ ವಾರಕ್ಕೆ ಬಿಡಬಾರದು.

ದಿನಾ ಕ್ಲಾಸಿನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸುತ್ತಿದ್ದರು. ನಿನ್ನೆಯ ಪಾಠದಲ್ಲಿ ನೆನಪಿದ್ದದ್ದನ್ನು ನೀಲಿ ಪೆನ್ನಿನಲ್ಲಿ ಬರೆಯಬೇಕು. ನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಅದೇ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ತುಂಬಬೇಕು. ಸಂಜೆ ಮನೆಯಲ್ಲಿ ಓದಬೇಕಾದದ್ದು ಪೆನ್ಸಿಲ್ಲಿನ ಭಾಗವನ್ನು ಮಾತ್ರ. ವಾರಕ್ಕೊಮ್ಮೆ ಹಿಂದಿನ ತಿಂಗಳ ಪ್ರಶ್ನೆಯೊಂದು ಇದ್ದಕ್ಕಿದ್ದಂತೆ ಬರುತ್ತಿತ್ತು. ನಾವು ಕಾಲೇಜು ಬಿಟ್ಟು ಕೆಲವು ವರ್ಷಗಳಾದ ಮೇಲೆ, 2006ರಲ್ಲಿ, ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಗದ್ಯಭಾಗವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ನೋಡದೆ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದು; ವಾರದ ನಂತರ ಬರೆದವರು ಮುಂದು. ಅದನ್ನು ಓದಿದಾಗ ನನಗೆ ಮೇಡಂ ಮೇಲಿನ ಗೌರವ ಇಮ್ಮಡಿಯಾಯಿತು. ಅನುಭವದಿಂದಲೇ ಅವರು ಆ ದಾರಿ ಹಿಡಿದಿದ್ದರು.

ಇನ್ನು ಕಾರ್ಡುಗಳ ವಿಷಯ. ಮದುವೆ ಸೀಸನ್ ಮುಗಿದ ಮೇಲೆ ಮನೆಮನೆಯಲ್ಲೂ ಲಗ್ನಪತ್ರಿಕೆಗಳ ರಾಶಿ. ಅವನ್ನು ತರಿಸಿ ಒಂದೇ ಅಳತೆಗೆ ಕತ್ತರಿಸಿ, ಅಚ್ಚಾದ ಬದಿ ಒಳಗೆ ಹೋಗುವಂತೆ ಎರಡೆರಡನ್ನು ಮೈದಾ ಅಂಟಿನಿಂದ ಅಂಟಿಸಿ ಬಿಸಿಲಿಗಿಟ್ಟರೆ ಎರಡೂ ಬದಿ ಖಾಲಿಯಾದ ಗಟ್ಟಿ ಕಾರ್ಡು ಸಿದ್ಧ. ಒಂದು ಬದಿಗೆ ಪರಿಕಲ್ಪನೆಯ ಹೆಸರು, ಇನ್ನೊಂದು ಬದಿಗೆ ನಮ್ಮ ಬದುಕಿನ ಉದಾಹರಣೆ. ವ್ಯಾಖ್ಯೆ ಬರೆಯುವಂತಿಲ್ಲ. ಪಠ್ಯಪುಸ್ತಕದ ಉದಾಹರಣೆಯನ್ನು ನಕಲು ಮಾಡುವಂತೆಯೂ ಇಲ್ಲ.

ಅತಿ ಹೆಚ್ಚು ಚರ್ಚೆ ನಡೆದದ್ದು ಋಣಾತ್ಮಕ ಪುನರ್ಬಲನ (ಕಿರಿಕಿರಿಯೊಂದು ತಪ್ಪುವುದರಿಂದ ಒಂದು ವರ್ತನೆ ಹೆಚ್ಚಾಗುವುದು) ಮತ್ತು ಶಿಕ್ಷೆಯ (ವರ್ತನೆ ಕಡಿಮೆಯಾಗುವುದು) ಕಾರ್ಡುಗಳ ಮೇಲೆ. ‘ಋಣಾತ್ಮಕ’ ಎಂದ ಕೂಡಲೇ ಹೊಡೆತ, ಬೈಗುಳ ಎಂದು ಬರೆದವರೇ ಹೆಚ್ಚು. ಮೇಡಂ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಆ ವರ್ತನೆ ಆಮೇಲೆ ಹೆಚ್ಚಾಯಿತೋ, ಕಡಿಮೆಯಾಯಿತೋ? ಏನಾದರೂ ಹೊಸದಾಗಿ ಬಂತೋ, ಇದ್ದದ್ದು ಹೋಯಿತೋ? ನನ್ನ ಗೆಳತಿಯೊಬ್ಬಳು ಬರೆದದ್ದು ಹೀಗಿತ್ತು: “ನಾನು ಪುಸ್ತಕ ಹಿಡಿದರೆ ಅಜ್ಜಿಯ ಗೊಣಗಾಟ ನಿಲ್ಲುತ್ತದೆ. ಹಾಗಾಗಿ ಅಜ್ಜಿ ಗೊಣಗಲು ಶುರು ಮಾಡಿದಾಗಲೆಲ್ಲ ಪುಸ್ತಕ ಹಿಡಿಯುತ್ತೇನೆ.” ಕಿರಿಕಿರಿ ಹೋಯಿತು, ವರ್ತನೆ ಹೆಚ್ಚಾಯಿತು. ಮೇಡಂ ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಆಮೇಲೆ ಯಾರೂ ಆ ಪ್ರಶ್ನೆಯಲ್ಲಿ ಎಡವಲಿಲ್ಲ.

ಕನ್ನಡಿ ಬರವಣಿಗೆಯ ಉಪಕರಣವನ್ನೂ ಅವರು ರಟ್ಟು ಮತ್ತು ಸಾಮಾನ್ಯ ಮುಖ ನೋಡುವ ಕನ್ನಡಿಯಿಂದ ಮಾಡಿಸಿದ್ದರು. ಜೋಡಿಗೆರೆಯ ಆರು ಮೂಲೆ ನಕ್ಷತ್ರ ಕೆಳಗೆ, ಕೈ ಕಾಣದಂತೆ ರಟ್ಟು ಅಡ್ಡ, ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ನೋಡಿಕೊಂಡೇ ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮೂಲೆಗೆ ಬಂದಾಗ ಕೈ ಅತ್ತ ಹೋಗಬೇಕೆಂದರೆ ಇತ್ತ ಹೋಗುತ್ತದೆ, ಪೆನ್ಸಿಲ್ ಅಲ್ಲೇ ನಡುಗುತ್ತಾ ನಿಲ್ಲುತ್ತದೆ. ಮೊದಲು ಎಡಗೈ, ಆಮೇಲೆ ಬಲಗೈಗೆ ಹಲವು ಸಲ ಅಭ್ಯಾಸ, ಮತ್ತೆ ಎಡಗೈ. ಅಭ್ಯಾಸವನ್ನೇ ಮಾಡದ ಎಡಗೈ ಎರಡನೆಯ ಸಲ ಬೇಗ ಮುಗಿಸಿತ್ತು, ತಪ್ಪುಗಳೂ ಕಡಿಮೆ. ಕಲಿಕೆಯ ವರ್ಗಾವಣೆ ಎಂದರೆ ಇದು ಎಂದು ರೆಕಾರ್ಡಿನಲ್ಲಿ ಬರೆಯುವಾಗ ನಮಗೆ ಯಾರ ನೋಟ್ಸೂ ಬೇಕಾಗಲಿಲ್ಲ.

ಈ ಶಾಸ್ತ್ರ ಎಲ್ಲೋ ಜರ್ಮನಿ, ಅಮೆರಿಕದ್ದು ಎಂಬ ದೂರವನ್ನೂ ಅವರು ಉಳಿಸಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಕೇಂದ್ರ ಆರಂಭಿಸಿದವರು, ಮೈಸೂರಿನ ಆಕಾಶವಾಣಿ ಅಲ್ಲಿಂದ ಬಂತು ಎಂದು ಅವರು ಹೇಳಿದ ದಿನ ನಮ್ಮ ಮೈಯಲ್ಲಿ ಹೊಸ ಹುರುಪು.

ನಾನೀಗ ಇದೇ ವಿಷಯ ಕಲಿಸುತ್ತಿದ್ದೇನೆ. ನಮ್ಮ ಬ್ಯಾಚಿನ ಕೆಲವರು ಸೇರಿ ಈ ವರ್ಷ ಕಾಲೇಜಿನ ವಿಭಾಗಕ್ಕೆ ಹೊಸ ಕಾರ್ಡುಗಳ ಕಟ್ಟೊಂದನ್ನು ಕೊಡುತ್ತಿದ್ದೇವೆ. ಈಗಿನ ಪಠ್ಯಕ್ಕೆ ಹೊಂದುವಂತೆ ಒಂದು ಬದಿಗೆ ಕನ್ನಡದ ಪಾರಿಭಾಷಿಕ ಪದಗಳನ್ನು ದಪ್ಪಕ್ಷರದಲ್ಲಿ ಬರೆದಿದ್ದೇವೆ. ಇನ್ನೊಂದು ಬದಿಯನ್ನು ಖಾಲಿ ಬಿಟ್ಟಿದ್ದೇವೆ. ಅಲ್ಲಿ ನಿಮ್ಮ ಮನೆಯ, ನಿಮ್ಮ ಬೀದಿಯ ಉದಾಹರಣೆಯನ್ನು ನೀವೇ ಬರೆದುಕೊಳ್ಳಿ, ಬರೆದದ್ದನ್ನು ಪಕ್ಕದವರಿಗೆ ಓದಿ ಹೇಳಿ, ಪುನರ್ಬಲನ, ಶಿಕ್ಷೆಯ ಕಾರ್ಡಿಗೆ ಅವರು ಒಪ್ಪದಿದ್ದರೆ ಮೇಡಂ ಕೇಳುತ್ತಿದ್ದ ಆ ಎರಡು ಪ್ರಶ್ನೆ ಕೇಳಿಕೊಳ್ಳಿ.