ಮುಳ್ಳು ಹಾರಿದ ಕ್ಷಣ

ಇಂಜಿನ್ ಬಿಚ್ಚಬೇಕು, ಸವೆದ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಬೇಕು, ಪಿಸ್ಟನ್ ಹೊಸದು ಹಾಕಬೇಕು. ಗ್ಯಾರೇಜಿನವರು ಇಷ್ಟು ಹೇಳುವ ಮೊದಲು ಗಾಡಿಗೆ ಕಿವಿಗೊಟ್ಟಿದ್ದು ಅರ್ಧ ನಿಮಿಷ.

ಅಪ್ಪನ ಹಳೆಯ ಬುಲೆಟ್. ಏರು ಬಂದರೆ ಏದುಸಿರು, ಸೈಲೆನ್ಸರಿನಲ್ಲಿ ಪಟ್ ಪಟ್ ಸದ್ದು, ಇಂಜಿನ್ ಕಾದ ಕಾವಲಿ. ಆದರೆ ಹೊಗೆಯಿಲ್ಲ, ಕಿಕ್ಕರ್ ಒತ್ತಿದರೆ ಕಂಪ್ರೆಷನ್ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಅಂದರೆ ಸಿಲಿಂಡರ್ ಸವೆದಿಲ್ಲ. ಮತ್ತೆ ಬೋರ್ ಯಾಕೆ?

ಬೆಳಿಗ್ಗೆ ಪಾಯಿಂಟಿನ, ಅಂದರೆ ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚಿನ, ಮುಚ್ಚಳ ತೆಗೆದೆ. 0.35ರಿಂದ 0.40 ಮಿಲಿಮೀಟರ್ ಇರಬೇಕಾದ ಸಂದಿಯಲ್ಲಿ ಸಂದಿ ಅಳೆಯುವ ತೆಳು ತಗಡು, 0.20ರ ಫೀಲರ್ ಗೇಜೂ ನುಸುಳಲಿಲ್ಲ. ಪಾಯಿಂಟನ್ನು ತೆರೆಯುವ ಉಬ್ಬಿಗೆ, ಅಂದರೆ ಕ್ಯಾಮಿಗೆ, ಉಜ್ಜುವ ತುದಿ ಸವೆದಿತ್ತು. ಸಂದಿ ಕಿರಿದಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಅಷ್ಟೇ ಕಾಯಿಲೆ.

ಸಂದಿ ಸರಿಮಾಡಿ, ಕೀ ಹಾಕಿ, ಇಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತ ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರ್ ನೋಡಿದೆ. ಪಾಯಿಂಟ್ ತೆರೆದ ಕ್ಷಣ ಎಡಕ್ಕೆ ವಾಲಿದ್ದ ಮುಳ್ಳು ಚಕ್ಕನೆ ನಡುವಿಗೆ ಹಾರಿತು. ಎಷ್ಟು ಚಿಕ್ಕ ಜಿಗಿತ! ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗ್ ಅನ್ನು, ಕೂಡಿಸಲು ಇಷ್ಟು ಸಾಕು. ಹಿಂದೆ ಅಪ್ಪ ಇದನ್ನೇ ತೋರಿಸುವಾಗ ನಾನು ಮೊಬೈಲ್ ನೋಡುತ್ತಿದ್ದೆ.

ಗ್ಯಾರೇಜಿನವರು ಮೋಸಗಾರರು ಎನ್ನಲಾರೆ. ಈಗಿನ ಗಾಡಿಗಳಲ್ಲಿ ಪಾಯಿಂಟೇ ಇಲ್ಲ, ಮರೆತಿರಬಹುದು. ಆದರೆ ಮುಚ್ಚಳಕ್ಕೆ ಇದ್ದದ್ದು ಎರಡೇ ಸ್ಕ್ರೂ.

ಸಂಜೆ ಅದೇ ಏರನ್ನು ಮೂರನೇ ಗೇರಿನಲ್ಲೇ ಹತ್ತಿಸಿದೆ. ನಾಳೆ ಕಚೇರಿಗೆ ಆ ಗ್ಯಾರೇಜಿನ ಮುಂದೆಯೇ ಹೋಗಬೇಕು.